ಬೋರಿಗೆ ಬಂದ ಜೀಪು

ನಮ್ಮ ಭಾಗದ ಗ್ಯಾರೇಜುಗಳಲ್ಲಿ ಒಂದು ಮಾತಿದೆ: "ಎಂಜಿನ್ ಬೋರಿಗೆ ಬಂದೈತಿ." ಲಾರಿ ಇರಲಿ, ಟ್ರ್ಯಾಕ್ಟರ್ ಇರಲಿ, ಹಳೆಯ ಬೈಕೇ ಇರಲಿ, ಮಿಸ್ತ್ರಿಯ ಬಾಯಿಂದ ಈ ಮಾತು ಬಂದರೆ ಮಾಲೀಕನ ಮುಖ ಸಣ್ಣದಾಗುತ್ತದೆ. ಡಾಕ್ಟರು ಆಪರೇಷನ್ ಮಾಡಬೇಕಾದೀತು ಎಂದಾಗ ಆಗುವ ಹಾಗೆ. ಆದರೆ ಬೋರಿಗೆ ಬರುವುದೆಂದರೆ ಎಂಜಿನ್ ಸತ್ತಿತು ಎಂದಲ್ಲ. ಅದರೊಳಗಿನ ಸಿಲಿಂಡರು ಓಡಿ ಓಡಿ ಸವೆದಿದೆ, ಅದನ್ನು ಮತ್ತೊಮ್ಮೆ ಕೊರೆದು ದುಂಡಗೆ ಮಾಡುವ ಹೊತ್ತು ಬಂದಿದೆ ಎಂದಷ್ಟೇ ಅರ್ಥ. ಸವೆಯುವುದಕ್ಕೂ ಮುಗಿಯುವುದಕ್ಕೂ ಇರುವ ಈ ವ್ಯತ್ಯಾಸ ಹೋದ ಬೇಸಿಗೆಯಲ್ಲಿ ನಮ್ಮ ಮನೆಯವರಿಗೆಲ್ಲ ಚೆನ್ನಾಗಿ ತಿಳಿಯಿತು.

ನಮ್ಮ ಊರು ಶಿಗ್ಗಾವಿ ತಾಲ್ಲೂಕಿನ ತಡಸ. ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ, ಶಿರಸಿಗೆ ಹೋಗುವವರು ನಮ್ಮೂರು ದಾಟಿಯೇ ಹೋಗಬೇಕು. ಒಂದು ಕಡೆ ಬಯಲುಸೀಮೆ, ಇನ್ನೊಂದು ಕಡೆ ಮಲೆನಾಡಿನ ಸೆರಗು. ಮಳೆ ಹಿಡಿದರೆ ಹೊಲದ ದಾರಿಯ ಮಣ್ಣು ಎಂಥ ಚಕ್ರವನ್ನೂ ಹಿಡಿದು ನಿಲ್ಲಿಸುತ್ತದೆ. ಅಂಥಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿಯ ಬೆಲೆ ಬಲ್ಲವರೇ ಬಲ್ಲರು. ನಮ್ಮ ಅಣ್ಣ ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರಿ ಹರಾಜಿನಲ್ಲಿ ಹಿಡಿದ ಪೆಟ್ರೋಲ್ ಜೀಪು 1968ರ ಮಾಡೆಲ್ಲಿನದು. ಗೋವಿನಜೋಳದ ಚೀಲ, ಮದುವೆಯ ನಿಬ್ಬಣ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟ ಹುಡುಗರು ಎಲ್ಲವನ್ನೂ ಅದು ಹೊತ್ತಿದೆ. ಹಳ್ಳ ತುಂಬಿದ ರಾತ್ರಿಗಳಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಕ್ಕಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸಿದ್ದೂ ಉಂಟು. ಹಾಗೆ ಹುಟ್ಟಿದವರಲ್ಲಿ ಇಬ್ಬರು ಇಂದಿಗೂ ಅಣ್ಣನನ್ನು "ಜೀಪಿನ ಕಾಕಾ" ಎಂದೇ ಕರೆಯುತ್ತಾರೆ.

ಅಣ್ಣನಿಗೀಗ 82. ಜೀಪು ಏರು ಹತ್ತದೆ ನೀಲಿ ಹೊಗೆ ಉಗುಳತೊಡಗಿತ್ತು. ನೂರು ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಮಕ್ಕಳೆಲ್ಲ ಊರು ಬಿಟ್ಟವರು. ಗುಜರಿಗೆ ಹಾಕಿಬಿಡೋಣ ಎಂದರು. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ರೇಟು ಹೇಳಿ ಹೋದ. ಇನ್ನೊಬ್ಬರು ಬಂದು, ಈ ಎಂಜಿನ್ ಕಿತ್ತೊಗೆದು ಡೀಸೆಲ್ ಎಂಜಿನ್ ಕೂರಿಸಿ ಎಂದರು. ಅಣ್ಣ ಎರಡಕ್ಕೂ ಹೂಂ ಅನ್ನಲಿಲ್ಲ. "ತಮ್ಮಾ, ನೀ ಬ್ಯಾಂಕಿನ್ಯಾಗ ಲೆಕ್ಕಾ ಬರದಾಂವ. ಇದರದೂ ಒಂದ್ ಲೆಕ್ಕಾ ಹಾಕಿ ಹೇಳು," ಎಂದು ನನ್ನ ಕಡೆ ತಿರುಗಿದ.

ಬಾನೆಟ್ ಎತ್ತರವಾದ ಕಥೆ

ಲೆಕ್ಕಕ್ಕೆ ಕೂರುವ ಮೊದಲು ಖಾತೆಯ ಹಿಂದಿನ ಪುಟ ತಿರುವಿ ನೋಡುವುದು ಗುಮಾಸ್ತನ ಅಭ್ಯಾಸ. ನಮ್ಮದು ಸಿಜೆ-3ಬಿ ಎಂಬ ಮಾದರಿ. ಹಳಬರು ಇದನ್ನು 'ಹೈ ಬಾನೆಟ್' ಎನ್ನುತ್ತಾರೆ. ಈ ಬಾನೆಟ್ ಎತ್ತರವಾಗಿದ್ದಕ್ಕೆ ಕಾರಣ ಅದರ ಎಂಜಿನ್ನೇ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವಿಲ್ಲಿಸ್ ಕಂಪನಿಯ ಬಳಿ ಒಂದು ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಅದರ ಶಕ್ತಿ 50 ಅಶ್ವಶಕ್ತಿಗಿಂತ ಕಡಿಮೆ, ಬಾಳಿಕೆಯೂ ಅಷ್ಟಕ್ಕಷ್ಟೆ. ಕಂಪನಿಯ ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ಅದನ್ನು ಬಿಸಾಡಿ ಹೊಸದು ಕಟ್ಟಲಿಲ್ಲ. ಅದರ ಅಳತೆಗಳನ್ನೇ ಬಿಗಿ ಮಾಡಿ, ಹಗುರ ಪಿಸ್ಟನ್, ಉತ್ತಮ ಬೇರಿಂಗ್ ಕೂರಿಸಿ 60 ಅಶ್ವಶಕ್ತಿಗೆ ಏರಿಸಿದರು. 'ಗೋ-ಡೆವಿಲ್' ಎಂದು ಹೆಸರಾದ ಅದೇ ಎಂಜಿನ್ ಯುದ್ಧದ ಜೀಪುಗಳನ್ನು ಓಡಿಸಿತು. ಮುಂದೆ ಅದರ ಇನ್‌ಟೇಕ್ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ಸಾಗಿಸಿ 'ಹರಿಕೇನ್' ಎಂಬ ಎಂಜಿನ್ ಮಾಡಿದರು. ಶಕ್ತಿ 70 ದಾಟಿತು. ಆದರೆ ಎಂಜಿನ್ ಎತ್ತರವಾಗಿ ಹಳೆಯ ಬಾನೆಟ್ಟಿನೊಳಗೆ ಹಿಡಿಸದಾಯಿತು. 1953ರ ಸಿಜೆ-3ಬಿ ಜೀಪಿಗೆ ಬಾನೆಟ್ಟನ್ನೇ ಎತ್ತರಿಸಿದರು. ಮಗ ಬೆಳೆದನೆಂದು ಅಂಗಿಯನ್ನು ಉದ್ದ ಹೊಲಿಸಿದ ಹಾಗೆ.

ನಮ್ಮ ದೇಶದಲ್ಲಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರಾ ಕಂಪನಿ 1947ರಿಂದ ವಿಲ್ಲಿಸ್ ಜೀಪಿನ ಕೆಲಸಕ್ಕೆ ಕೈಹಾಕಿತು. ಮುಂಬಯಿಯ ಮಜಗಾಂವಿನಲ್ಲಿ ಬಿಡಿಭಾಗ ಜೋಡಿಸುವ ಕೆಲಸದಿಂದ ಆರಂಭಿಸಿ, ಕ್ರಮೇಣ ಇಡೀ ಗಾಡಿಯನ್ನು ಇಲ್ಲೇ ತಯಾರಿಸತೊಡಗಿತು. ಅಮೆರಿಕದಲ್ಲಿ ಸಿಜೆ-3ಬಿ 1968ಕ್ಕೆ ನಿಂತುಹೋದರೂ ಇಲ್ಲಿ ಅದರ ಸಂತತಿ ಬಹುಕಾಲ ಮುಂದುವರಿಯಿತು. ಬ್ಲಾಕ್ ಡೆವಲಪ್‌ಮೆಂಟ್ ಅಧಿಕಾರಿ, ಪೊಲೀಸ್ ಫೌಜದಾರ, ಅರಣ್ಯದ ರೇಂಜರ್, ಮಲೆನಾಡಿನ ಕಾಫಿ ತೋಟದ ಸಾಹುಕಾರ ಎಲ್ಲರೂ ಇದರ ಮೇಲೆ ಓಡಾಡಿದವರೇ. ನಮ್ಮ ಜೀಪಿನ ಎಂಜಿನ್ ಆ ಹರಿಕೇನ್ ಮನೆತನದ್ದು.

ಕೇಳಿ ನೋಡು, ಒತ್ತಿ ನೋಡು

ನಮ್ಮೂರ ಕಡೆ ಪೆಟ್ರೋಲ್ ಜೀಪು ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿ ಈಗ ಒಬ್ಬರೇ. ವಯಸ್ಸು 68, ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮಿಸ್ತ್ರಿ ಜೀಪನ್ನು ಸುತ್ತು ಹಾಕಿ ನೋಡಿ ಹೇಳಿದರು: "ಸಾಹೇಬ್ರ, ಇದು ಮುಗದಿಲ್ಲ, ಬರೇ ಸವದೈತಿ. ಮಾಡಿ ಕೊಡ್ತೀನಿ. ಆದ್ರ ಕಲಿಯೂವ್ರು ಯಾರರೆ ನನ್ನ ಕೈಯಾಗ ಇರಬೇಕು. ಒಬ್ಬನ ಮಾಡಂಗಿಲ್ಲ."

ಇದೇ ಅವರ ಷರತ್ತು. ಪಕ್ಕದ ಓಣಿಯ ಹುಡುಗನೊಬ್ಬ ಐಟಿಐ ಮುಗಿಸಿ ಕೆಲಸ ಹುಡುಕುತ್ತಿದ್ದ; ಅವನು ಒಪ್ಪಿದ. ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದ ನನ್ನ ಮೊಮ್ಮಗಳು, ಈಗ ಎಂಟನೆಯ ತರಗತಿ, ತಾನೂ ಬರುತ್ತೇನೆಂದು ಹಟ ಹಿಡಿದಳು. ನೋಟ್‌ಬುಕ್ಕಿನಲ್ಲಿ ಅಳತೆ ಬರೆಯುವ ಕೆಲಸ ಅವಳಿಗೆ ಬಂತು.

ಬಿಚ್ಚುವ ಮೊದಲು ಪರೀಕ್ಷೆ. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಒತ್ತಡ ಅಳೆಯುವ ಮೀಟರ್ ಇಟ್ಟು ಎಂಜಿನ್ ತಿರುಗಿಸುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಈ ಎಂಜಿನ್ನಿನಲ್ಲಿ ಮುಳ್ಳು 120ರ ಆಸುಪಾಸು ನಿಲ್ಲಬೇಕು. ನಮ್ಮದರಲ್ಲಿ ಒಂದು ಮತ್ತು ನಾಲ್ಕನೆಯ ಸಿಲಿಂಡರು 100ರ ಹತ್ತಿರ, ನಡುವಿನ ಎರಡು 70ರ ಹತ್ತಿರ ತೋರಿಸಿದವು. ಆಗ ಮಿಸ್ತ್ರಿ ನಡುವಿನ ಸಿಲಿಂಡರುಗಳೊಳಗೆ ಒಂದೊಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದರು. ಮುಳ್ಳು 100ಕ್ಕೆ ಏರಿತು. ಆಯಿಲ್ ಹೋಗಿ ಪಿಸ್ಟನ್ ರಿಂಗಿನ ಸಂದನ್ನು ಮುಚ್ಚಿದ್ದರಿಂದ ಒತ್ತಡ ಏರಿತ್ತು. ವಾಲ್ವು ಸೋರುತ್ತಿದ್ದರೆ ಆಯಿಲ್ ಹಾಕಿದರೂ ಮುಳ್ಳು ಹಾಗೇ ಇರುತ್ತಿತ್ತು. ಎಂಜಿನ್ ಬಿಚ್ಚದೆಯೇ ರೋಗ ಎಲ್ಲಿದೆ ಎಂದು ಗೊತ್ತಾಯಿತು: ರಿಂಗು ಮತ್ತು ಬೋರು.

ಡಬ್ಬಿಗೊಂದು ಚೀಟಿ

ಎಂಜಿನ್ ಇಳಿಸುವುದಕ್ಕೆ ಬಲಕ್ಕಿಂತ ಕ್ರಮ ಮುಖ್ಯ. ಮೊದಲು ಬ್ಯಾಟರಿ ವೈರು ಬಿಚ್ಚಬೇಕು. ಆಮೇಲೆ ರೇಡಿಯೇಟರಿನ ನೀರು, ಎಂಜಿನ್ ಆಯಿಲ್ ಇಳಿಸಬೇಕು. ರೇಡಿಯೇಟರು, ಹೋಸ್ ಪೈಪು, ಕಾರ್ಬುರೇಟರು, ಸೈಲೆನ್ಸರಿನ ಜೋಡಣೆ, ಕ್ಲಚ್ಚಿನ ಕೊಂಡಿ ಒಂದೊಂದಾಗಿ ಹೊರಗೆ ಬರಬೇಕು. ಪ್ರತಿ ವೈರಿಗೂ ಬಟ್ಟೆಯ ಪಟ್ಟಿ ಕಟ್ಟಿ ನಂಬರು ಬರೆದೆವು. ಬೋಲ್ಟುಗಳನ್ನು ಹಳೆಯ ಚಹಾ ಡಬ್ಬಿಗಳಲ್ಲಿ ಹಾಕಿ, ಯಾವ ಭಾಗದ್ದೆಂದು ಚೀಟಿ ಅಂಟಿಸಿದೆವು. ಹಿಂದೆ ಯಾರೋ ರಿಪೇರಿ ಮಾಡಿದವರು ಉದ್ದದ ಬೋಲ್ಟಿನ ಜಾಗಕ್ಕೆ ಗಿಡ್ಡದ್ದು ಹಾಕಿ ಕೈತೊಳೆದುಕೊಂಡಿದ್ದರು. ಅದೂ ಆಗ ಬೆಳಕಿಗೆ ಬಂತು.

ಎಂಜಿನ್ನಿನ ತೂಕ ಸುಮಾರು ಎರಡು ಕ್ವಿಂಟಲ್. ನಾನು ಹಿತ್ತಲ ಬೇವಿನ ಕೊಂಬೆ ತೋರಿಸಿದರೆ ಮಿಸ್ತ್ರಿ ತಲೆ ಅಲ್ಲಾಡಿಸಿದರು. "ಕೊಂಬಿ ಮುರಿಯೂ ಮೊದ್ಲ ಹೇಳಿ ಮುರಿಯಂಗಿಲ್ರಿ." ಗ್ಯಾರೇಜಿನ ಕಬ್ಬಿಣದ ತೊಲೆಗೆ ಚೈನ್ ಪುಲ್ಲಿ ಹಾಕಿಯೇ ಎತ್ತಿದರು. ಎತ್ತಿದ ಎಂಜಿನ್ನಿನ ಕೆಳಗೆ ಯಾರೂ ಕೈ ಚಾಚಕೂಡದು, ಕಾಲಿಡಕೂಡದು. ಮಕ್ಕಳು ಹತ್ತು ಹೆಜ್ಜೆ ದೂರ ನಿಲ್ಲಬೇಕು. ಈ ಒಂದು ವಿಷಯದಲ್ಲಿ ಅವರು ಯಾರ ಮುಖವನ್ನೂ ನೋಡುವವರಲ್ಲ.

ಕೂದಲೆಳೆಯ ಲೆಕ್ಕ

ಎಂಜಿನ್ ಬಿಚ್ಚಿದ ಮೇಲೆ ಕೆಲಸವೆಲ್ಲ ಅಳತೆಯದು. ಗ್ಯಾರೇಜಿನವರ ಭಾಷೆಯಲ್ಲಿ 'ಥೌ' ಎಂದರೆ ಒಂದು ಇಂಚಿನ ಸಾವಿರದಲ್ಲೊಂದು ಭಾಗ, ಮಿಲಿಮೀಟರಿನಲ್ಲಿ 0.0254. ನಮ್ಮ ತಲೆಗೂದಲೊಂದರ ದಪ್ಪ ಸುಮಾರು ಮೂರು ಥೌ ಎಂದುಕೊಳ್ಳಿ. ಎಂಜಿನ್ನಿನ ಆರೋಗ್ಯ, ಅನಾರೋಗ್ಯ ಎಲ್ಲ ಈ ಕೂದಲೆಳೆಯ ಲೆಕ್ಕದಲ್ಲೇ ಇದೆ.

ನಮ್ಮ ಎಂಜಿನ್ನಿನ ಸಿಲಿಂಡರಿನ ವ್ಯಾಸ ಮೂಲದಲ್ಲಿ 3.125 ಇಂಚು. ಪಿಸ್ಟನ್ ಮೇಲಿಂದ ಕೆಳಗೆ ಚಲಿಸುವ ದೂರ 4.375 ಇಂಚು, ಎಂದರೆ ಸುಮಾರು 111 ಮಿಲಿಮೀಟರ್. ಮೊಮ್ಮಗಳು ಇಲ್ಲೇ ಒಂದು ಲೆಕ್ಕ ಹಾಕಿದಳು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಪಿಸ್ಟನ್ ಒಂದು ನಿಮಿಷದಲ್ಲಿ 2,000 ಸಲ ಕೆಳಗಿಳಿದು 2,000 ಸಲ ಮೇಲೇರುತ್ತದೆ. ಅದು 444 ಮೀಟರ್ ಆಯಿತು. ಒಂದು ತಾಸಿಗೆ ಇಪ್ಪತ್ತಾರೂವರೆ ಕಿಲೋಮೀಟರಿಗೂ ಹೆಚ್ಚು! "ಅಜ್ಜಾ, ಪಿಸ್ಟನ್ನು ಆ ಡಬ್ಬಿಯೊಳಗ ಇದ್ದಕೊಂಡ ತಾಸಿಗೊಮ್ಮೆ ಹುಬ್ಬಳ್ಳಿ ಮುಟ್ಟತೈತಲ್ಲ!" ಎಂದಳು. ಹೆಚ್ಚುಕಡಿಮೆ ನಿಜವೇ. ಹಾಗೆ ವರ್ಷಾನುಗಟ್ಟಲೆ ಓಡಿದ ಗೋಡೆ ಸವೆಯದೆ ಇದ್ದೀತೆ?

ಸವೆತವೂ ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ. ಪಿಸ್ಟನ್ ಮೇಲೆ ಮುಟ್ಟಿ ಹಿಂದಿರುಗುವ ಜಾಗದಲ್ಲಿ ಬೆಂಕಿಯ ಬಿಸಿ ಹೆಚ್ಚು, ಆಯಿಲ್ಲು ಕಡಿಮೆ. ಅಲ್ಲಿಯೇ ಹೆಚ್ಚು ಸವೆತ. ಎರಡನೆಯ ಸಿಲಿಂಡರಿನ ಮೇಲ್ಭಾಗದಲ್ಲಿ ಒಂಬತ್ತು ಥೌ ಸವೆತ ಸಿಕ್ಕಿತು. ಕೆಳಭಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅಂದರೆ ಮೂರು ಕೂದಲಿನ ದಪ್ಪ ಸವೆದದ್ದಕ್ಕೆ ಇಡೀ ಜೀಪು ಕೆಮ್ಮುತ್ತಿತ್ತು. ಕಿಲೋ ಲೆಕ್ಕದಲ್ಲಿ ಮಾರಿದ್ದರೆ ಈ ಮೂರು ಕೂದಲಿಗಾಗಿ ಒಂದು ಟನ್ ಕಬ್ಬಿಣ ಹೋಗುತ್ತಿತ್ತು.

ಕ್ರ್ಯಾಂಕ್ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದರು. ಒಂದೇ ಜಾಗವನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆಯಬೇಕು. ಎರಡೂ ತಾಳೆಯಾಗದಿದ್ದರೆ ಶಾಫ್ಟು ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದರ್ಥ. ನಮ್ಮದು ಹಾಗೆ ತಿರುಗಿತ್ತು. ಕ್ಯಾಮ್ ಶಾಫ್ಟು, ಕನೆಕ್ಟಿಂಗ್ ರಾಡುಗಳು, ಹೆಡ್ಡು, ಟೈಮಿಂಗ್ ಗೇರುಗಳು ಅಳತೆಯಲ್ಲಿ ಪಾಸಾದವು. ಹೊಸದು ಬೇಕಾದದ್ದು, ಮತ್ತೆ ಬಳಸುವಂಥದ್ದು ಎಂದು ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆವು. ಎಡಗಡೆಯ ಕಾಲಮ್ಮಿಗಿಂತ ಬಲಗಡೆಯದೇ ಉದ್ದವಾಯಿತು. ನಾನು ಅಣ್ಣನಿಗೆ ಕೊಡಬೇಕಾಗಿದ್ದ ಉತ್ತರ ಅದೇ.

ಹುಬ್ಬಳ್ಳಿಯ ಲೇತಿನ ಮುಂದೆ

ಬ್ಲಾಕು, ಕ್ರ್ಯಾಂಕು ಎರಡನ್ನೂ ಟೆಂಪೋದಲ್ಲಿ ಹುಬ್ಬಳ್ಳಿಯ ಮಷಿನ್ ಶಾಪಿಗೆ ಒಯ್ದೆವು. ಬ್ಲಾಕನ್ನು ಬಿಸಿ ಕಾಸ್ಟಿಕ್ ನೀರಿನಲ್ಲಿ ಮುಳುಗಿಸಿ ತೊಳೆದಾಗ ನೀರಿನ ದಾರಿಗಳಲ್ಲಿ ಕಟ್ಟಿದ್ದ ತುಕ್ಕಿನ ಕೆಸರು ಬೊಗಸೆಗಟ್ಟಲೆ ಬಂತು. ಎಂಜಿನ್ ಬೇಗ ಕಾಯುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಆಮೇಲೆ ಎಲ್ಲಾದರೂ ಬಿರುಕಿದೆಯೇ ಎಂದು ಒತ್ತಡದ ನೀರು ತುಂಬಿಸಿ ನೋಡಿದರು. ಬಿರುಕು ಸಿಕ್ಕಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಿಗಲಿಲ್ಲ.

ಸಿಲಿಂಡರುಗಳನ್ನು 20 ಥೌ ಹೆಚ್ಚು ಕೊರೆಯುವುದೆಂದು ನಿರ್ಧಾರವಾಯಿತು. ಒಂಬತ್ತು ಸವೆದರೆ ಇಪ್ಪತ್ತು ಯಾಕೆ ಎಂದು ನೀವು ಕೇಳಬಹುದು. ದಪ್ಪ ಪಿಸ್ಟನ್ನುಗಳು 10, 20, 30 ಥೌ ಎಂಬ ಗೊತ್ತಾದ ಅಳತೆಗಳಲ್ಲಿ ಮಾತ್ರ ಬರುತ್ತವೆ. ಹತ್ತಕ್ಕೆ ಕೊರೆದರೆ ಸವೆದ ಗುಳಿ ಪೂರ್ತಿ ಹೋಗದೆ ಉಳಿದುಬಿಡುತ್ತದೆ. ನಾಲ್ಕರಲ್ಲಿ ಒಂದೇ ಸಿಲಿಂಡರು ಹೆಚ್ಚು ಸವೆದಿದ್ದರೂ ನಾಲ್ಕನ್ನೂ ಸಮ ಮಾಡಬೇಕು, ಇಲ್ಲವಾದರೆ ಎಂಜಿನ್ ನಡುಗುತ್ತದೆ. ಕ್ರ್ಯಾಂಕನ್ನು 10 ಥೌ ಅರೆದು ಅದಕ್ಕೆ ತಕ್ಕ ದಪ್ಪನೆಯ ಬೇರಿಂಗ್ ಚಿಪ್ಪು ತಂದೆವು.

ಕೊರೆದ ಗೋಡೆ ಕನ್ನಡಿಯಂತೆ ನುಣುಪಾಗಿರಬೇಕೆಂದು ನಾನು ತಿಳಿದಿದ್ದೆ. ಮಷಿನ್ ಶಾಪಿನವರು ಅದರ ಮೇಲೆ ಹೋನಿಂಗ್ ಕಲ್ಲು ಆಡಿಸಿ, ಬುಟ್ಟಿಯ ಹೆಣಿಗೆಯಂಥ ಓರೆ ಗೀರುಗಳನ್ನು ಬೇಕೆಂದೇ ಮೂಡಿಸಿದರು. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ. ಹೊಸ ರಿಂಗುಗಳು ಅದರ ಮೇಲೆ ಓಡಿ ಗೋಡೆಗೆ ಒಗ್ಗಿಕೊಳ್ಳುತ್ತವೆ. ಪೂರಾ ನುಣುಪಾದ ಗೋಡೆಯ ಮೇಲೆ ಆಯಿಲ್ ನಿಲ್ಲದೆ ಜಾರಿಹೋಗುತ್ತದೆ.

ಆ ಅಂಗಡಿಯ ಮೂಲೆಯಲ್ಲಿ ಇನ್ನೂ ದುಡಿಯುತ್ತಿರುವ ಒಂದು ಹಳೆಯ ಲೇತಿನ ಮೇಲೆ 'ಮೈಸೂರು ಕಿರ್ಲೋಸ್ಕರ್, ಹರಿಹರ' ಎಂಬ ಹೆಸರು ಕಂಡು ನನಗೆ ಕುಶಿಯಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1941ರಲ್ಲಿ ನಮ್ಮ ಪಕ್ಕದ ಹರಿಹರದಲ್ಲಿ ಆರಂಭಿಸಿದ ಕಾರ್ಖಾನೆ ಅದು. ಕಾರ್ಖಾನೆ ಮುಂದೆ ಮುಚ್ಚಿತು. ಅದರ ಲೇತುಗಳು ಇಂದಿಗೂ ಊರೂರಲ್ಲಿ ತಿರುಗುತ್ತಿವೆ. ಹಳೆಯ ಯಂತ್ರವನ್ನು ಹಳೆಯ ಯಂತ್ರವೇ ರಿಪೇರಿ ಮಾಡುತ್ತಿದ್ದುದನ್ನು ಮೊಮ್ಮಗಳಿಗೆ ತೋರಿಸಿದೆ.

ಹೊರಡುವಾಗ ಅವಳು ಇನ್ನೊಂದು ಲೆಕ್ಕ ಮುಗಿಸಿದ್ದಳು. ಬೋರು 3.145 ಇಂಚಾದ್ದರಿಂದ ಎಂಜಿನ್ನಿನ ಅಳತೆ 2,199 ಸಿಸಿ ಇದ್ದದ್ದು ಸುಮಾರು 2,227 ಸಿಸಿ ಆಯಿತಂತೆ. ನಾಲ್ಕೂ ಸಿಲಿಂಡರು ಕೂಡಿ ಹೆಚ್ಚಿದ್ದು ಐದಾರು ಚಮಚ ನೀರು ಹಿಡಿಸುವಷ್ಟು ಜಾಗ. ವೃತ್ತದ ಕ್ಷೇತ್ರಫಲದ ಸೂತ್ರ ಪರೀಕ್ಷೆಗೆ ಮಾತ್ರ ಇರುವುದಲ್ಲ ಎಂದು ಅವಳಿಗೆ ನಾನೇನೂ ಹೇಳಬೇಕಾಗಲಿಲ್ಲ.

ವಾಲ್ವು ಕೂರಿಸುವ ತಾಳ್ಮೆ

ವಾಲ್ವುಗಳು ಸಿಲಿಂಡರಿನ ಬಾಗಿಲುಗಳಿದ್ದಂತೆ. ಒಂದು ಪೆಟ್ರೋಲು-ಗಾಳಿಯನ್ನು ಒಳಗೆ ಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಬಿಡುತ್ತದೆ. ಮುಚ್ಚಿದಾಗ ಒಂದಿಷ್ಟೂ ಸೋರಬಾರದು. ಅದಕ್ಕಾಗಿ ವಾಲ್ವಿನ ಅಂಚಿಗೆ ಅರೆಯುವ ಪೇಸ್ಟು ಹಚ್ಚಿ, ತುದಿಯಲ್ಲಿ ರಬ್ಬರಿರುವ ಕೋಲಿನಿಂದ ಹಿಡಿದು, ಮಜ್ಜಿಗೆ ಕಡೆದಂತೆ ಅತ್ತಿತ್ತ ತಿರುಗಿಸುತ್ತಾ ಅದರ ಕೂರುಜಾಗಕ್ಕೆ ಹೊಂದಿಸಬೇಕು. ಎಂಟು ವಾಲ್ವುಗಳಿಗೆ ಮೊಮ್ಮಗಳು, ಹುಡುಗ ಇಬ್ಬರೂ ಕೂಡಿ ಎರಡು ದಿನ ಹಿಡಿಸಿದರು. ಆಮೇಲೆ ಸೀಮೆಎಣ್ಣೆ ಸುರಿದು ಬಿಟ್ಟರು. ಒಂದು ತಾಸು ಕಳೆದರೂ ಹನಿ ಇಳಿಯದಿದ್ದರೆ ಪಾಸು. ಒಂದು ವಾಲ್ವು ಮೂರು ಸಲ ಫೇಲಾಯಿತು. ನಾಲ್ಕನೆಯ ಸಲ ಮಿಸ್ತ್ರಿ "ಹೂಂ" ಎಂದರು.

ಇಲ್ಲಿ ಹಳೆಯ ಪೆಟ್ರೋಲ್ ಗಾಡಿಗಳವರು ತಿಳಿಯಬೇಕಾದ ಎರಡು ಸಂಗತಿಗಳಿವೆ. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಅದು ವಾಲ್ವಿನ ಕೂರುಜಾಗ ಬೇಗ ಸವೆಯದಂತೆ ತಡೆಯುತ್ತಿತ್ತು. ಸೀಸ ಮಕ್ಕಳ ಮೆದುಳಿಗೆ ವಿಷ, ಆದ್ದರಿಂದ 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಅದನ್ನು ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನ್ನಿನಲ್ಲಿ ಹೊಗೆ ಹೋಗುವ ವಾಲ್ವಿನ ಕೆಳಗೆ ಗಟ್ಟಿ ಲೋಹದ ಬಳೆ ಇರುವುದು ಈಗ ಅವಶ್ಯ. ನಮ್ಮದರಲ್ಲಿ ಸವೆದಿದ್ದ ಎರಡು ಬಳೆಗಳನ್ನು ಬದಲಿಸಿದರು. ಇನ್ನೊಂದು, ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ಸೋರಿಸುತ್ತದೆ. ಪೆಟ್ರೋಲ್ ಪೈಪುಗಳನ್ನೂ ಪೆಟ್ರೋಲ್ ಪಂಪಿನ ಒಳಗಿನ ಪರದೆಯನ್ನೂ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿದೆವು. ಬೆಂಕಿಯ ಜೊತೆ ಉಳಿತಾಯದ ಮಾತು ಬೇಡ.

ಕೂಡಿಸುವ ಕೆಲಸ

ಕೂಡಿಸುವ ದಿನ ಮಿಸ್ತ್ರಿ ಗ್ಯಾರೇಜಿನ ನೆಲ ಗುಡಿಸಿ, ನೀರು ಚಿಮುಕಿಸಿ, ಬಾಗಿಲು ಅರ್ಧ ಮುಚ್ಚಿದರು. ಬೇರಿಂಗಿನೊಳಗೆ ಮರಳಿನ ಒಂದು ಕಣ ಸೇರಿದರೂ ಮಾಡಿದ್ದೆಲ್ಲ ಹಾಳು. ಪ್ರತಿ ಭಾಗಕ್ಕೂ ಆಯಿಲ್ ಸವರಿಯೇ ಕೂರಿಸಿದರು.

ಪ್ರತಿ ರಿಂಗನ್ನೂ ಮೊದಲು ಬರಿಯ ಸಿಲಿಂಡರಿನೊಳಗೆ ಇಟ್ಟು, ಅದರ ಎರಡು ತುದಿಗಳ ನಡುವಿನ ಸಂದು ಅಳೆಯಬೇಕು. ನಮ್ಮ ಬೋರಿಗೆ 10ರಿಂದ 12 ಥೌ ಸಂದು ಸಾಕು. ಸಂದೇ ಇಲ್ಲದಿದ್ದರೆ ಕಾದ ರಿಂಗು ಹಿಗ್ಗಿ ಗೋಡೆಯನ್ನು ಕೆರೆಯುತ್ತದೆ. ಸಂದು ಹೆಚ್ಚಿದ್ದರೆ ಒತ್ತಡ ಸೋರುತ್ತದೆ. ಟೈಮಿಂಗ್ ಗೇರಿನ ಗುರುತುಗಳನ್ನು ಎದುರುಬದುರು ನಿಲ್ಲಿಸಿ ಕೂರಿಸಬೇಕು. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟು ಒಂದು ಸುತ್ತು ತಿರುಗುತ್ತದೆ. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಬಾಗಿಲು ತೆರೆಯಬೇಕಾದ ಹೊತ್ತಿಗೆ ತೆರೆಯುವುದಿಲ್ಲ. ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ 1-3-4-2. ಒಂದರ ಪಕ್ಕದಲ್ಲಿ ಇನ್ನೊಂದು ಸಾಲಾಗಿ ಹೊತ್ತಿದರೆ ಕ್ರ್ಯಾಂಕಿನ ಮೇಲೆ ಪೆಟ್ಟುಗಳು ಹಂಚಿ ಬೀಳುವುದಿಲ್ಲ, ಅದಕ್ಕೇ ಈ ಸರದಿ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗೆ ಹೋಗುತ್ತಾ, ಮೂರು ಹಂತದಲ್ಲಿ, ಟಾರ್ಕ್ ಪಾನಾದಿಂದ ಬಿಗಿದರು. ಹಪ್ಪಳ ಲಟ್ಟಿಸುವಾಗ ನಡುವಿನಿಂದ ಅಂಚಿಗೆ ತಳ್ಳುವುದಿಲ್ಲವೆ, ಹಾಗೆ. ಹಾಗೆ ಮಾಡಿದರೆ ಗ್ಯಾಸ್ಕೆಟ್ಟು ಸುಕ್ಕುಗಟ್ಟದೆ ಚಪ್ಪಟೆಯಾಗಿ ಕೂರುತ್ತದೆ.

ಎಂಜಿನ್ನನ್ನು ಮತ್ತೆ ಜೀಪಿನೊಳಗೆ ಇಳಿಸುವುದು ಎತ್ತುವುದಕ್ಕಿಂತ ಕಷ್ಟ. ಗೇರ್‌ಬಾಕ್ಸಿನಿಂದ ಮುಂದೆ ಚಾಚಿದ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ನೇರವಾಗಿ ಹೋಗಬೇಕು. ಅದಕ್ಕಾಗಿ ಹಳೆಯದೊಂದು ಗೇರ್ ಶಾಫ್ಟನ್ನೇ ಅಳತೆಗೋಲಾಗಿ ತೂರಿಸಿ ಕ್ಲಚ್ ಪ್ಲೇಟನ್ನು ಮೊದಲೇ ನಟ್ಟನಡುವೆ ನಿಲ್ಲಿಸಿಕೊಂಡಿದ್ದರು. ಮೌಂಟಿಂಗ್ ರಬ್ಬರುಗಳು ಹೊಸವು. ಅಷ್ಟಾದರೂ ಕೊನೆಯ ಅರ್ಧ ಇಂಚು ಒಳಗೆ ಹೋಗಲೊಲ್ಲದು. ಹುಡುಗ ಬೋಲ್ಟು ಹಾಕಿ ಎಳೆದುಬಿಡೋಣ ಎಂದ. ಮಿಸ್ತ್ರಿ ಕೈ ಹಿಡಿದರು. "ಎಳದ್ರ ಕ್ಲಚ್ ಪ್ಲೇಟ್ ಬಾಗತೈತಿ. ಗೇರಿಗೆ ಹಾಕಿ ಗಾಲಿ ಸೊಲ್ಪ ತಿರುವು." ಗಾಲಿ ಬೆರಳಷ್ಟು ತಿರುಗಿತು, ಹಲ್ಲಿಗೆ ಹಲ್ಲು ಸೇರಿತು, ಎಂಜಿನ್ ತಾನಾಗಿ ಜಾರಿ ಕೂತಿತು.

ಮುಳ್ಳು ಏಳುವವರೆಗೆ

ಮರುದಿನ ಅಣ್ಣನನ್ನು ಕರೆತಂದು ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಆದರೆ ಮಿಸ್ತ್ರಿ ಚಾವಿ ತಿರುಗಿಸಲು ಬಿಡಲಿಲ್ಲ. ಸ್ಪಾರ್ಕ್ ಪ್ಲಗ್ ಎಲ್ಲ ಹೊರಗೆ ತೆಗೆದು, ಕಿಡಿ ಬರದಂತೆ ಮಾಡಿ, ಸೆಲ್ಫಿನಲ್ಲಿ ಬರಿದೇ ತಿರುಗಿಸಿದರು. ಆಯಿಲ್ ಒತ್ತಡದ ಮೀಟರಿನ ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಆಗಲೂ ಇಲ್ಲ. ಅಣ್ಣನ ಮುಖ ಬಾಡಿತು. ಇಷ್ಟು ಖರ್ಚು, ಇಷ್ಟು ದಿನದ ಕೆಲಸ, ಮೇಲೆ ಮಿರ್ಗದ ಮೋಡ ಕಟ್ಟುತ್ತಿತ್ತು.

ಈ ಎಂಜಿನ್ನಿನ ಆಯಿಲ್ ಪಂಪು ಬ್ಲಾಕಿನ ಹೊರಮೈಗೆ, ಆಯಿಲ್ ನಿಂತಿರುವ ಮಟ್ಟಕ್ಕಿಂತ ಮೇಲೆ ಇರುತ್ತದೆ. ಬಿಚ್ಚಿ ಕೂಡಿಸಿದಾಗ ಒಳಗೆ ಗಾಳಿ ಹಿಡಿದು ಎಳೆಯುವುದಿಲ್ಲ. ನಮ್ಮ ಬೋರ್‌ವೆಲ್ಲಿನ ಪಕ್ಕದ ಮೋಟಾರಿಗೆ ಮೇಲಿಂದ ನೀರು ಹೊಯ್ಯದಿದ್ದರೆ ನೀರೆತ್ತುವುದಿಲ್ಲವಲ್ಲ, ಹಾಗೆ. ಮಿಸ್ತ್ರಿ ಪಂಪಿನ ಬಿರಡೆ ಬಿಚ್ಚಿ, ಎಣ್ಣೆ ಕುಪ್ಪಿಯಿಂದ ಒಳಗೆ ಆಯಿಲ್ ತುಂಬಿ, ಮತ್ತೆ ಬಿಗಿದರು. ಮೂರನೆಯ ಸಲ ತಿರುಗಿಸಿದಾಗ ಮುಳ್ಳು ನಡುಗಿ, ಎದ್ದು, ನಿಂತಿತು. ಅವಸರಪಟ್ಟು ಹಾಗೇ ಸ್ಟಾರ್ಟ್ ಮಾಡಿದ್ದರೆ ಹೊಸ ಬೇರಿಂಗುಗಳು ಆಯಿಲ್ಲಿಲ್ಲದೆ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತಿದ್ದವು.

ಆಮೇಲೆ ಪ್ಲಗ್ ಹಾಕಿದರು. ಅಣ್ಣ ಚಾವಿ ತಿರುಗಿಸಿದ. ಮೊದಲು ಎರಡು ಸಲ ಕೆಮ್ಮಿ, ಕೂಡಿಸುವಾಗ ಸವರಿದ್ದ ಆಯಿಲ್ಲಿನ ಹೊಗೆ ಬಿಟ್ಟು, ಆಮೇಲೆ ನಾಲ್ಕೂ ಸಿಲಿಂಡರು ಒಂದೇ ದನಿಯಲ್ಲಿ ಹಿಡಿದವು. ಅಣ್ಣ ಏನೂ ಮಾತಾಡಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ.

ಹೊಸದಾಗಿ ಕಟ್ಟಿದ ಎಂಜಿನ್ನು ಬಾಣಂತಿಯಿದ್ದಂತೆ, ಆರೈಕೆ ಬೇಕು. ಮೊದಲ 500 ಕಿಲೋಮೀಟರ್ ಭಾರ ಹೇರಬಾರದು, ತಾಸಿಗೆ 40-50 ಕಿಲೋಮೀಟರ್ ಮೀರಬಾರದು. ಒಂದೇ ವೇಗದಲ್ಲೂ ಓಡಿಸಬಾರದು; ರಿಂಗುಗಳು ಗೋಡೆಗೆ ಒಗ್ಗಬೇಕಾದರೆ ವೇಗ ಏರುತ್ತ ಇಳಿಯುತ್ತ ಇರಬೇಕು. ಆಮೇಲೆ ಆಯಿಲ್ ಬದಲಿಸಿ, ಹೆಡ್ಡಿನ ಬೋಲ್ಟು ಮತ್ತೊಮ್ಮೆ ನೋಡಬೇಕು. ಇದಿಷ್ಟನ್ನೂ ಮೊಮ್ಮಗಳು ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದಾಳೆ.

ಕಾಗದಪತ್ರದ ಮಾತು

ಗಾಡಿ ಮಾಡಿಸುವವರು ಕಾಗದವನ್ನೂ ಸರಿ ಇಟ್ಟುಕೊಳ್ಳಬೇಕು. ಎಂಜಿನ್ ನಂಬರು ಬ್ಲಾಕಿನ ಮೇಲೆ ಕೊರೆದಿರುತ್ತದೆ. ಅದೇ ಬ್ಲಾಕನ್ನು ಬೋರ್ ಮಾಡಿಸಿದರೆ ನಂಬರು ಬದಲಾಗುವುದಿಲ್ಲ, ಆರ್‌ಸಿ ಪುಸ್ತಕಕ್ಕೂ ಗಾಡಿಗೂ ತಾಳೆ ಉಳಿಯುತ್ತದೆ. ಬೇರೆ ಎಂಜಿನ್ ಕೂರಿಸಿದರೆ ಸಾರಿಗೆ ಕಚೇರಿಗೆ ತಿಳಿಸಿ ನಮೂದು ಮಾಡಿಸಲೇಬೇಕು. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರು, ಜೀಪಿನಂಥ ಗಾಡಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಮತ್ತೆ ಏರಿ 10,000 ಆಗಿದೆ.

50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರಲ್ಲಿ ನಿಯಮ ಬಂದಿದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಕ್ಕೆ ಮಾತ್ರ. ಅಣ್ಣನಿಗೆ ಅದು ಬೇಡ. "ನೋಡಾಕ ಇಡಾಕಲ್ಲ, ಹೊಲಕ್ಕ ಹೋಗಾಕ ಮಾಡಿಸಿದ್ದು," ಎಂದ.

ಒಂದು ನೋಟ್‌ಬುಕ್ಕು

ಖರ್ಚಿನ ಲೆಕ್ಕ ಕೇಳುವವರಿಗೆ ನನ್ನ ಉತ್ತರ: ಗುಜರಿಯವನು ಹೇಳಿದ ರೇಟಿಗಿಂತ ಖರ್ಚು ಬಹಳ ಹೆಚ್ಚಾಯಿತು, ಹೊಸ ಗಾಡಿಯ ಮುಂಗಡಕ್ಕಿಂತ ಬಹಳ ಕಡಿಮೆ. ಬರಿಯ ಬ್ಯಾಲೆನ್ಸ್ ಶೀಟು ನೋಡಿದರೆ ವಾದ ಮಾಡುವವರು ಎರಡೂ ಕಡೆ ಸಿಗುತ್ತಾರೆ. ಆದರೆ ನಾನು ಕಂಡ ನಿಜವಾದ ಅಪಾಯ ಜೀಪು ಹೋಗುವುದಲ್ಲ, ಮಿಸ್ತ್ರಿಯ ಜೊತೆ ಅವರ ಕೈಯ ಕಸುಬು ಹೋಗುವುದು. ಕೊಂಬೆ ಬೇಡವೆನ್ನುವುದು, ಕೊನೆಯ ಅರ್ಧ ಇಂಚಿಗೆ ಬೋಲ್ಟು ಎಳೆಯದೆ ಗಾಲಿ ತಿರುವುವುದು, ಮುಳ್ಳು ಏಳುವವರೆಗೆ ಚಾವಿ ಮುಟ್ಟದಿರುವುದು – ಇವು ಯಾವ ಕೈಪಿಡಿ ಓದಿದರೂ ಕೈಗೆ ಬರುವುದಿಲ್ಲ, ಪಕ್ಕದಲ್ಲಿ ನಿಂತು ಕಲಿಯಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಐಟಿಐಗಳಲ್ಲಿ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್, ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸುಗಳಿವೆ. ಸರ್ಟಿಫಿಕೇಟು ಅಲ್ಲಿ ಸಿಗುತ್ತದೆ. ಕೈಗುಣಕ್ಕೆ ನಿಮ್ಮೂರಿನ ಹಳೆಯ ಮಿಸ್ತ್ರಿಯನ್ನು ಹುಡುಕಿ. ಮನೆಯಲ್ಲಿ ಏನಾದರೂ ರಿಪೇರಿ ಮಾಡಿಸುವಾಗ, ಕಲಿಯುವ ಮಕ್ಕಳೊಬ್ಬರು ಪಕ್ಕದಲ್ಲಿರಲಿ ಎಂಬ ಷರತ್ತನ್ನು ನೀವೇ ಹಾಕಿ.

ಮೊಮ್ಮಗಳು ಶಾಲೆಗೆ ಮರಳುವಾಗ ಅಳತೆಯ ನೋಟ್‌ಬುಕ್ಕನ್ನು ಐಟಿಐ ಹುಡುಗನಿಗೆ ಕೊಟ್ಟು ಹೋದಳು. ಮೊನ್ನೆ ಗ್ಯಾರೇಜಿನ ಕಡೆ ಹೋದಾಗ ಮುಂಡಗೋಡದ ಕಡೆಯಿಂದ ಇನ್ನೊಂದು ಹೈ ಬಾನೆಟ್ ಬಂದು ನಿಂತಿತ್ತು. ಮಿಸ್ತ್ರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಹುಡುಗ ಪ್ಲಗ್ ತೂತಿಗೆ ಮೀಟರ್ ಹಚ್ಚಿ, ಮುಳ್ಳು ನೋಡಿ, ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮೊದಲ ಅಂಕಿ ಬರೆದುಕೊಳ್ಳುತ್ತಿದ್ದ.